ಪೈಪಿನ ನಕ್ಷೆಗೆ ಮೀಟರಿನ ಲೆಕ್ಕ ಜೋಡಿಸಿದ್ದು

ಶಾಲೆಯಿಂದ ನಿವೃತ್ತನಾದ ಮೇಲೆ ಕಾಸರಗೋಡಿನ ಎಣ್ಮಕಜೆ ಕಡೆಯ ನಮ್ಮ ಊರಿನ ಕುಡಿಯುವ ನೀರಿನ ಸಮಿತಿಯ ಲೆಕ್ಕ ನನ್ನ ಕೈಗೆ ಬಂತು. ಗುಡ್ಡದ ನೆತ್ತಿಯಲ್ಲಿ ಟ್ಯಾಂಕಿ, ಅಲ್ಲಿಂದ ಮೂರು ಕವಲು ಪೈಪು, ಒಟ್ಟು 64 ಮನೆ. ಪೈಪು ಯಾರ ಅಡಿಕೆ ತೋಟದ ಅಡಿಯಲ್ಲಿ ಹೋಗಿದೆ, ವಾಲ್ವ್ ಎಲ್ಲಿದೆ ಎಂಬುದು ಪಂಪು ನೋಡಿಕೊಳ್ಳುವ ಅಣ್ಣನಿಗೆ ಮಾತ್ರ ಗೊತ್ತಿತ್ತು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಕ್ಷೆ ಬಿಡಿಸುವ ಮೈಕ್ರೋಸಾಫ್ಟಿನ ತಂತ್ರಾಂಶ ವಿಸಿಯೊದಲ್ಲಿ ನಕ್ಷೆ ಬರೆದೆ. ಮನೆಗೊಂದು ಚೌಕ, ವಾಲ್ವಿಗೊಂದು ವೃತ್ತ. ತಿಂಗಳ ಮೀಟರ್ ರೀಡಿಂಗ್ ಮಾತ್ರ ಎಕ್ಸೆಲ್ ಶೀಟಿನಲ್ಲಿ ಬೇರೆಯೇ ಉಳಿದಿತ್ತು. ಕಳೆದ ಬೇಸಗೆಯಲ್ಲಿ ಕೊನೆಯ ಮನೆಗಳಿಗೆ ನೀರು ತಲುಪದೆ ಮಾತಿಗೆ ಮಾತು ಬೆಳೆದಾಗ, ಎರಡನ್ನೂ ಜೋಡಿಸಲೇಬೇಕೆಂದು ಹಟ ಹಿಡಿದೆ.

ವಿಸಿಯೊದ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಈ ಸೌಲಭ್ಯ ಇಲ್ಲ, ಪ್ರೊಫೆಷನಲ್ ಬೇಕು. ಡೇಟಾ ಟ್ಯಾಬಿನ ಕಸ್ಟಮ್ ಇಂಪೋರ್ಟ್‌ನಲ್ಲಿ ಎಕ್ಸೆಲ್ ಕಡತವನ್ನು ತೋರಿಸಿದರೆ ಸಾಲುಗಳೆಲ್ಲ ಕೆಳಗಿನ ಕಿಟಕಿಗೆ ಬರುತ್ತವೆ. ಒಂದು ಸಾಲನ್ನು ಎಳೆದು ಚೌಕದ ಮೇಲೆ ಬಿಟ್ಟರೆ ಜೋಡಣೆಯಾಯಿತು; ಆ ಸಾಲಿನ ಎಡಕ್ಕೆ ಪುಟ್ಟ ಸರಪಳಿಯ ಗುರುತು ಮೂಡುತ್ತದೆ. 64 ಸಲ ಎಳೆಯುವ ಬದಲು, ಶೀಟಿನ ಒಂದು ಕಾಲಮ್ ಮತ್ತು ಶೇಪಿನ, ಅಂದರೆ ನಕ್ಷೆಯ ಚೌಕದ, ಒಳಗೆ ಬರೆದಿಟ್ಟ ಮೌಲ್ಯ ತಾಳೆಯಾದಲ್ಲಿ ತಾನಾಗಿ ಜೋಡಿಸುವ ದಾರಿಯೂ ಇದೆ. ನಾನು ಎಡವಿದ್ದು ಅಲ್ಲಿಯೇ.

ಮೊದಲು ಮನೆಯ ಹೆಸರಿನಿಂದ ಜೋಡಿಸಲು ನೋಡಿದೆ. ಇದು ಕಾಸರಗೋಡು. ನಾವು ಕುಂಬಳೆ ಎನ್ನುವ ಊರು ಮಲಯಾಳದಲ್ಲಿ ಕುಂಬಳ, ಮಂಜೇಶ್ವರ ಅಲ್ಲಿ ಮಂಜೇಶ್ವರಂ. ನಕ್ಷೆಯಲ್ಲಿ ನಾನು ಕನ್ನಡದಲ್ಲಿ ಬರೆದಿದ್ದೆ, ರೀಡಿಂಗ್ ತೆಗೆಯುವ ಹುಡುಗ ಮಲಯಾಳದಲ್ಲಿ ಬರೆಯುತ್ತಿದ್ದ. ಅಕ್ಷರ ಬೇರೆಯಾದರೆ ಕಂಪ್ಯೂಟರಿಗೆ ಮನೆಯೇ ಬೇರೆ. ಒಂದೂ ತಾಳೆಯಾಗಲಿಲ್ಲ.

ಆಮೇಲೆ ಪಂಚಾಯತಿನ ಮನೆ ನಂಬರು ಹಿಡಿದೆ. ವಾರ್ಡು, ಓರೆಗೆರೆ, ಮನೆ. ಏಳನೇ ವಾರ್ಡಿನ 12ನೇ ಮನೆಗೆ 7/12 ಎಂದು ಹೊಡೆದರೆ ಎಕ್ಸೆಲ್ ಅದನ್ನು ಡಿಸೆಂಬರ್ 7 ಮಾಡಿತು. 7/214 ಮಾತ್ರ ಹಾಗೆಯೇ ಉಳಿಯಿತು. ಒಂದೇ ಕಾಲಮಿನಲ್ಲಿ ಕೆಲವು ದಿನಾಂಕ, ಕೆಲವು ಪಠ್ಯ. ಹೊರಗಿನಿಂದ ಶೀಟನ್ನು ಓದುವಾಗ ಮೊದಲ ಕೆಲವು ಸಾಲುಗಳನ್ನು ನೋಡಿ ಇಡೀ ಕಾಲಮಿನ ಬಗೆ ನಿರ್ಧಾರವಾಗುತ್ತದೆ, ಅದಕ್ಕೆ ಹೊಂದದ ಕೋಶಗಳು ಖಾಲಿಯಾಗಿ ಬರುತ್ತವೆ. ಅರ್ಧ ಊರು ಮಾಯವಾಗಿದ್ದು ಏಕೆಂದು ತಿಳಿಯಲು ನನಗೆ ಎರಡು ರಾತ್ರಿ ಬೇಕಾಯಿತು.

ಕೊನೆಗೆ ನಮ್ಮದೇ ನಂಬರು ಕೊಟ್ಟೆವು. ಮೊದಲ ಕವಲಿನ ಮನೆಗಳಿಗೆ 101ರಿಂದ, ಎರಡನೆಯದಕ್ಕೆ 201ರಿಂದ, ಮೂರನೆಯದಕ್ಕೆ 301ರಿಂದ. ಗೆರೆಯಿಲ್ಲ, ಚುಕ್ಕಿಯಿಲ್ಲ, ಬರೀ ಅಂಕಿ. ನಾನೂ ಆ ಹುಡುಗನೂ ಅಂಕಿಯನ್ನು ಒಂದೇ ಬಗೆಯಲ್ಲಿ ಬರೆಯುತ್ತೇವೆ. ಪ್ರತಿ ಮೀಟರ್ ಪೆಟ್ಟಿಗೆಯ ಮೇಲೂ ಬಿಳಿ ಪೇಂಟಿನಲ್ಲಿ ಬರೆಸಿದೆವು. ಇಂಪೋರ್ಟ್ ಮಾಡುವಾಗ ಸಾಲನ್ನು ಗುರುತಿಸುವ ಕಾಲಮ್ ಯಾವುದೆಂದು ವಿಸಿಯೊ ಕೇಳುತ್ತದೆ. ಅಲ್ಲಿ ಇದನ್ನೇ ಆರಿಸಿದೆ. ಹಾಗೆ ಆರಿಸದೆ ಸಾಲಿನ ಕ್ರಮವನ್ನೇ ನಂಬಿದರೆ, ಶೀಟನ್ನು ಯಾರಾದರೂ ಸಾರ್ಟ್ ಮಾಡಿದ ದಿನ ಒಬ್ಬರ ರೀಡಿಂಗ್ ಇನ್ನೊಬ್ಬರ ಮನೆಗೆ ಹೋಗಿ ಕೂರುತ್ತದೆ. ನೀರಿನ ಹಣದ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ.

ಈಗ ತಿಂಗಳಿಗೊಮ್ಮೆ ಶೀಟು ತುಂಬಿ ರಿಫ್ರೆಶ್ ಒತ್ತುತ್ತೇನೆ. ಪ್ರತಿ ಚೌಕದ ಪಕ್ಕದಲ್ಲಿ ಬಳಕೆ ತೋರಿಸುವ ಪಟ್ಟಿ (ಬಾರ್) ಏರಿಳಿಯುತ್ತದೆ, ಬಾಕಿ ಇದ್ದವರ ಚೌಕ ಬಣ್ಣ ಬದಲಿಸುತ್ತದೆ. ತಿದ್ದುವುದಿದ್ದರೆ ಶೀಟಿನಲ್ಲೇ ತಿದ್ದಬೇಕು. ನಕ್ಷೆಯಲ್ಲಿ ಬದಲಿಸಿದ್ದು ಶೀಟಿಗೆ ಹೋಗುವುದಿಲ್ಲ.

ಏಪ್ರಿಲಿನ ರಿಫ್ರೆಶ್ ಆದಾಗ ಮೂರನೇ ಕವಲಿನಲ್ಲಿ 306ರವರೆಗೆ ಪಟ್ಟಿಗಳು ಉದ್ದವಾಗಿದ್ದವು, 307ರಿಂದ ಆಚೆ ಎಲ್ಲವೂ ಗಿಡ್ಡ. ಪಂಪಿನ ಅಣ್ಣ ಪರದೆಯ ಮೇಲೆ ಬೆರಳಿಟ್ಟು, "ಮಾಷ್ಟ್ರೇ, ಪೈಪು ತೋಡು ದಾಟುವುದು ಇಲ್ಲಿಯೇ" ಎಂದರು. ಮರುದಿನ ಅಗೆದು ನೋಡಿದಾಗ ಜಾಯಿಂಟ್ ಬಿಟ್ಟಿತ್ತು.

ಪಾಲಾದ ಮನೆಗೆ ಹೊಸ ಮೀಟರ್ ಬಂದರೆ ಕವಲಿನ ಕೊನೆಯ ನಂಬರಿನ ಮುಂದಿನದನ್ನು ಕೊಡುತ್ತೇವೆ, ನಡುವೆ ತುರುಕುವುದಿಲ್ಲ. 214ರ ಮನೆಯವರು ಊರು ಬಿಟ್ಟರು. ಆ ನಂಬರನ್ನು ಬೇರೆ ಯಾರಿಗೂ ಕೊಟ್ಟಿಲ್ಲ.