ಪಿಎಚ್‌ಡಿ ಮಾಡಿಸುವ ಮೇಷ್ಟ್ರುಗಳಿಗೆ ಒಂದು ಸಲಹೆ

ಮುಂಬೈಯಲ್ಲಿ ಪಿಎಚ್‌ಡಿ ಮಾಡುವ ನಮ್ಮ ಕನ್ನಡದ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಕೆಲಸ ಮುಗಿಸಿ, ಡೊಂಬಿವಲಿ ಲೋಕಲ್ ಟ್ರೇನ್‌ನಲ್ಲಿ ನಿಂತುಕೊಂಡೇ ಓದುವವರು. "ಅಧ್ಯಾಯ ಬರೆದು ತನ್ನಿ" ಅಂದರೆ ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ಅದು ಸೋಮಾರಿತನ ಅಲ್ಲ, ಅಳುಕು. ಹದಿನೈದು ದಿನಕ್ಕೊಮ್ಮೆ ಎರಡೇ ಪುಟ ಕೇಳಿ, ತಪ್ಪಿದ್ದರೂ ಸರಿ. ನನ್ನ ವಿದ್ಯಾರ್ಥಿನಿಯೊಬ್ಬಳು ಕಿರಾಣಿ ಬಿಲ್ಲಿನ ಹಿಂದೆ ಪೆನ್ಸಿಲ್‌ನಲ್ಲಿ ಗೀಚಿ ತಂದಿದ್ದಳು. ಅದೇ ಬೆಳೆದು ಮೂರನೇ ಅಧ್ಯಾಯ ಆಯಿತು! ಭೇಟಿಯಲ್ಲಿ ಮಾತಾಡಿದ್ದನ್ನು ವಿದ್ಯಾರ್ಥಿಗಳೇ ಅವತ್ತೇ ನಾಲ್ಕು ಸಾಲು ಬರೆದು ನಿಮಗೆ ವಾಟ್ಸಾಪ್ ಮಾಡಲಿ.

ಇನ್ನೊಂದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಲ್ಲಿ ಪಿಎಚ್‌ಡಿ ಅವಧಿ ಗರಿಷ್ಠ 6 ವರ್ಷ. ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷ ಹೆಚ್ಚು ಕೊಡಬಹುದು, 240 ದಿನದವರೆಗೆ ಹೆರಿಗೆ ರಜೆಯೂ ಇದೆ. ಮೊದಲ ದಿನವೇ ಹೇಳಿಬಿಡಿ. ಗೊತ್ತಿಲ್ಲದೆ ಸುಮ್ನೆ ಬಿಟ್ಟುಹೋದವರನ್ನು ನಾನು ಕಂಡಿದ್ದೇನೆ.