ಅಪ್ಪನ ಕೋವಿ ನನ್ನ ಹೆಸರಿಗೆ ಬಂದ ಬಗೆ

ಅಪ್ಪ ತೀರಿಕೊಂಡಾಗ ಅವರ ಒಂಟಿ ನಳಿಗೆಯ ಕೋವಿ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿತ್ತು. ಅಡಿಕೆ ತೋಟ ಬಂದ ಹಾಗೆ ಅದೂ ನನಗೆ ಬಂತೆಂದೇ ತಿಳಿದಿದ್ದೆ. ಕಾರ್ಯ ಮುಗಿಸಿ ಹೊರಟ ಸೋದರಮಾವ, ‘ಪರವಾನಗಿ ಅಪ್ಪನ ಹೆಸರಿನಲ್ಲಲ್ಲವೇನೋ?’ ಎಂದಾಗ ಎದೆ ಧಸಕ್ಕೆಂದಿತು. ಕೋವಿ ಆಸ್ತಿ, ವಾರಸುದಾರರಿಗೆ ಬರುತ್ತದೆ. ಪರವಾನಗಿ ಆ ವ್ಯಕ್ತಿಯದು, ಅವರೊಂದಿಗೇ ಮುಗಿಯುತ್ತದೆ. ಪರವಾನಗಿಯಿಲ್ಲದೆ ಇಟ್ಟುಕೊಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಮರುದಿನ ಬೆಳಿಗ್ಗೆಯೇ ಠಾಣೆಗೆ ಒಯ್ದು ಒಪ್ಪಿಸಿ, ಕಾಡತೂಸುಗಳ ಲೆಕ್ಕ ಬರೆಸಿ ರಸೀದಿ ಪಡೆದೆ. ಈ ಕೆಲಸವನ್ನು ಯಾರೂ ಮುಂದೂಡಬಾರದು.

ಆಮೇಲೆ ಜಿಲ್ಲಾಧಿಕಾರಿ ಕಚೇರಿಗೆ ಹೊಸ ಅರ್ಜಿ. ಮರಣ ಪ್ರಮಾಣಪತ್ರ, ಪಹಣಿ, ಅಕ್ಕಂದಿರಿಬ್ಬರ ಒಪ್ಪಿಗೆ ಪತ್ರ, ವೈದ್ಯಕೀಯ ಪ್ರಮಾಣಪತ್ರ, ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯ ಪತ್ರ ಎಲ್ಲವನ್ನೂ ಲಗತ್ತಿಸಿದೆ. ಠಾಣೆಯ ವರದಿಗಾಗಿ ತಿಂಗಳುಗಟ್ಟಲೆ ಅಲೆದೆ. ಕೊನೆಗೂ ಪರವಾನಗಿ ಕೈಗೆ ಬಂತು. 2019ರ ತಿದ್ದುಪಡಿಯ ನಂತರ ಅದರ ಅವಧಿ ಮೂರರ ಬದಲು ಐದು ವರ್ಷ. ಕೊಡಗಿನ ನೆಂಟರು ‘ನಮಗೆ ಇದಾವುದೂ ಬೇಡ’ ಎಂದರು. ನಿಜ, ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ನಮ್ಮ ಮಲೆನಾಡಿಗೆ ಅದು ಅನ್ವಯಿಸುವುದಿಲ್ಲ.

ಕೋವಿ ಬಂದ ಮೇಲೆ ನೆರೆಯವರು ಕೇಳಿದ್ದು ಒಂದೇ ಪ್ರಶ್ನೆ: ‘ಕಳ್ಳ ಬಂದರೆ ಹೊಡೆಯಬಹುದಲ್ಲ?’ ಕಳೆದ ಕೊಯ್ಲಿನಲ್ಲಿ ಅದಕ್ಕೆ ನಾನೇ ಉತ್ತರ ಹುಡುಕಬೇಕಾಯಿತು. ನಡುರಾತ್ರಿ ಅಂಗಳದಲ್ಲಿ ಅಡಿಕೆ ಸದ್ದಾಯಿತು. ಕೈ ಪೆಟ್ಟಿಗೆಯತ್ತ ಹೋಗಿ ನಿಂತಿತು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಕಳ್ಳನನ್ನು ತಡೆಯಬಹುದು, ಹಿಡಿಯಬಹುದು. ಆದರೆ ಬರೀ ಕಳ್ಳತನಕ್ಕೆ ಜೀವ ತೆಗೆಯುವಂತಿಲ್ಲ. ಸಾವಿನ ಅಥವಾ ತೀವ್ರ ಗಾಯದ ನ್ಯಾಯವಾದ ಭಯ ಇರಬೇಕು. ರಾತ್ರಿ ಮನೆ ಮುರಿದು ನುಗ್ಗಿದವನ ಮಾತು ಬೇರೆ. ಅಲ್ಲಿಯೂ ಅಗತ್ಯ ಮೀರಿದ ಹಾನಿ ಸಲ್ಲದು. ನಾನು ಅಂಗಳದ ದೀಪಗಳನ್ನೆಲ್ಲ ಹಾಕಿ, ಕೂಗಿ, 112ಕ್ಕೆ ಕರೆ ಮಾಡಿದೆ. ಒಂದು ಮೂಟೆ ಹೋಯಿತು. ಹೋಗಲಿ, ಯಾರದೋ ಮಗನ ಹೆಣ ನನ್ನ ಅಂಗಳದಲ್ಲಿ ಬೀಳಲಿಲ್ಲ.

ಹಂದಿಯ ವಿಷಯದಲ್ಲಿಯೂ ಇದೇ ತಪ್ಪು ತಿಳಿವಳಿಕೆ ಇದೆ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ಮೈಮೇಲೆ ಬಿದ್ದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಕೊಂದರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವಲ್ಲ, ಆದರೆ ಅದರ ಕಳೇಬರ ಸರ್ಕಾರದ್ದು. ತೋಟಕ್ಕೆ ನುಗ್ಗಿದ ಹಂದಿಗಳನ್ನು ನಾನು ಗಾಳಿಗೆ ಒಂದು ಈಡು ಹೊಡೆದು ಓಡಿಸುತ್ತೇನೆ, ಅಷ್ಟೇ.