ಕಳೆ ಕೀಳುವುದು ಬಿಟ್ಟು ಕಾಲುವೆ ಹಿಡಿದು ನಡೆದೆವು

ನಮ್ಮ ಬಡಾವಣೆಯ ಕೆರೆ ಉಳಿಸುವ ಗುಂಪಿಗೆ ನಾನು ಸೇರಿ ನಾಲ್ಕು ವರ್ಷ ಆಯಿತು. ಅರ್ಜಿ ತುಂಬಿ ಚಂದಾ ಕಟ್ಟಿದೆ. ಮುಂದಿನ ಶನಿವಾರ ಬೆಳಗ್ಗೆ ಆರೂವರೆಗೆ ಗಮ್‌ಬೂಟ್ ಹಾಕಿಕೊಂಡು ದಡದಲ್ಲಿದ್ದೆ. (ಗಮ್‌ಬೂಟ್, ಕೈಗವಸು ಇಲ್ಲದೆ ಇಳಿಯಲೇಬೇಡಿ. ಇಂಥ ನೀರಿನಿಂದ ಇಲಿ ಜ್ವರ ಬರಬಹುದು.)

ಆರು ತಿಂಗಳು ಒಂದೇ ಕೆಲಸ. ನೀಲಿ ಹೂ ಬಿಡುತ್ತಲ್ಲ, ಆ ವಾಟರ್ ಹಯಸಿಂತ್ ಕಳೆ ಎಳೆದು ದಡಕ್ಕೆ ಹಾಕುವುದು. ಎರಡು ವಾರ ತಪ್ಪಿಸಿದರೆ ಸಾಕು, ಖಾಲಿ ಮಾಡಿದ ಜಾಗವೆಲ್ಲ ಮತ್ತೆ ಹಸಿರು. ಬೇಜಾರಾಗಿ ಅರ್ಧ ಜನ ಬರುವುದೇ ಬಿಟ್ಟರು.

ದಿನಾ ಗಾಳ ಹಾಕಲು ಬರುವ ತಾತ ಒಬ್ಬರಿದ್ದರು. "ನೋಡಮ್ಮ, ನೀವು ಇಲ್ಲಿ ಕೀಳ್ತೀರ, ಅಲ್ಲಿಂದ ಕೊಳಚೆ ಬರ್ತಾನೇ ಇರುತ್ತೆ. ಮೊದಲು ಅದನ್ನ ನೋಡಿ" ಅಂದರು. ನಿಜ. ಕೊಳಚೆಯಲ್ಲಿರುವ ಸಾರಜನಕ, ರಂಜಕವೇ ಆ ಕಳೆಗೆ ಗೊಬ್ಬರ.

ಮಾರ್ಚ್ ತಿಂಗಳಲ್ಲಿ ಐದು ಜನ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ, ಹಿಡಿದು ಮೇಲಕ್ಕೆ ನಡೆದೆವು. ಬೆಂಗಳೂರು ಏರುತಗ್ಗಿನ ಊರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಇಳಿಯಬೇಕು. ನಮ್ಮ ಕೆರೆಯ ನೀರೂ ಕೊನೆಗೆ ಸೇರುವುದು ಬೆಳ್ಳಂದೂರು ಕೆರೆಯನ್ನು. 2015ರಲ್ಲಿ ಅಲ್ಲಿ ನೊರೆಗೇ ಬೆಂಕಿ ಹತ್ತಿತ್ತು, ನೆನಪಿದೆ ಅಲ್ವಾ? ನಾವು ಹೋದಾಗ ಮಳೆ ಬಂದು ತಿಂಗಳುಗಳೇ ಆಗಿತ್ತು. ಆದರೂ ಕಾಲುವೆ ಹರಿಯುತ್ತಿತ್ತು. ಅಂದರೆ ಅಷ್ಟೂ ಚರಂಡಿ ನೀರು. ಅದಕ್ಕೇ ಬೇಸಿಗೆಯಲ್ಲೇ ಹುಡುಕಬೇಕು, ಮಳೆಗಾಲದಲ್ಲಿ ಏನೂ ಗೊತ್ತಾಗುವುದಿಲ್ಲ. ಒಂದು ಕಡೆ ಮ್ಯಾನ್‌ಹೋಲ್ ಕಟ್ಟಿಕೊಂಡು ಉಕ್ಕುತ್ತಿತ್ತು. ಸ್ವಲ್ಪ ಮೇಲೆ ಒಂದು ಅಪಾರ್ಟ್‌ಮೆಂಟಿನ ಪೈಪು ಸೀದಾ ಕಾಲುವೆಗೆ ಬಿದ್ದಿತ್ತು.

ಇದನ್ನೆಲ್ಲ ಸರಿ ಮಾಡಿ ಅಂತ ಸಂಬಂಧಪಟ್ಟ ಕಚೇರಿಗೆ ಮೊದಲ ಅರ್ಜಿ ನಾಲ್ಕು ಪುಟ ಬರೆದೆ. ಕಸ, ಒತ್ತುವರಿ, ಬೇಲಿ, ಎಲ್ಲವೂ ಅದರಲ್ಲಿತ್ತು. ಉತ್ತರವೇ ಬರಲಿಲ್ಲ. ಆಮೇಲೆ ಒಂದು ಅರ್ಜಿಗೆ ಒಂದೇ ವಿಷಯ ಅಂತ ಇಟ್ಟುಕೊಂಡೆವು. ಆ ಮ್ಯಾನ್‌ಹೋಲ್, ಪಕ್ಕದ ಲೈಟ್ ಕಂಬದ ನಂಬರ್, ಪ್ರತಿ ಶನಿವಾರ ಅದೇ ಜಾಗದಲ್ಲಿ ನಿಂತು ತೆಗೆದ ಫೋಟೋ, ತಾರೀಖು. ಕಚೇರಿಗೆ ನಾವೇ ಹೋಗಿ ಕೊಟ್ಟು, ನಮ್ಮ ಪ್ರತಿಗೆ ಸೀಲು ಹಾಕಿಸಿಕೊಂಡು ಬರುತ್ತಿದ್ದೆವು. ಒಂಬತ್ತನೇ ವಾರ ಎಂಜಿನಿಯರ್ ಬಂದರು. ಕಂಬದ ನಂಬರ್ ಇದ್ದದ್ದರಿಂದ ಸೀದಾ ಅಲ್ಲಿಗೇ ಹೋದರು.

ಅಪಾರ್ಟ್‌ಮೆಂಟಿನವರ ಮೇಲೆ ದೂರು ಕೊಡೋಣ ಅಂತ ಗುಂಪಿನಲ್ಲಿ ಜೋರು ಚರ್ಚೆ ಆಯಿತು. ನಾನು ಬೇಡ ಅಂದೆ. ಅವರ ಮೀಟಿಂಗಿಗೇ ಹೋಗಿ ಫೋಟೋ ತೋರಿಸಿದೆವು. ತಮ್ಮ ಪೈಪು ಎಲ್ಲಿಗೆ ಹೋಗುತ್ತೆ ಅಂತ ಅಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಮೂರು ತಿಂಗಳಲ್ಲಿ ಒಳಚರಂಡಿಗೆ ಜೋಡಿಸಿಕೊಂಡರು. ಅಲ್ಲಿನ ಇಬ್ಬರು ಈಗ ನಮ್ಮ ಸದಸ್ಯರು.

ಕಳೆ ಈಗಲೂ ಬರುತ್ತೆ, ಆದರೆ ಕಮ್ಮಿ. ಜನವರಿಯಲ್ಲಿ ಹಕ್ಕಿ ಎಣಿಸುವಾಗ ನಡು ಕೆರೆಯಲ್ಲಿ ಗುಳುಮುಳುಕಗಳು ಮುಳುಗಿ ಏಳುತ್ತಿದ್ದವು. ಮೊದಲು ಆ ಜಾಗದಲ್ಲಿ ನೀರೇ ಕಾಣುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅದೇ ಮ್ಯಾನ್‌ಹೋಲ್ ಮತ್ತೆ ಉಕ್ಕಿತು. ಅದೇ ಕಂಬದ ನಂಬರ್ ಬರೆದು ಅರ್ಜಿ ಕೊಟ್ಟೆವು. ನಾಲ್ಕನೇ ದಿನಕ್ಕೆ ಬಂದು ಸರಿ ಮಾಡಿದರು.